ಗೊಂಬೆಯ ಹಾಗೆ ಕುಣಿಯುವ ಮನುಷ್ಯರು: ಬರ್ಮಾದ ನೃತ್ಯ ಎಲ್ಲೆಲ್ಲಿಂದ ಬಂತು?

ಬರ್ಮಾದ ನೃತ್ಯ ನೋಡುವಾಗ ಮೊದಲು ಬರುವ ಅನುಮಾನ ಒಂದೇ: ಇವರ ಕೈಕಾಲಿಗೆ ಎಲ್ಲಾದರೂ ದಾರ ಕಟ್ಟಿದ್ದಾರಾ? ಮೊಣಕೈ ಥಟ್ಟನೆ ಮಡಚುತ್ತದೆ. ತಲೆ ಪಕ್ಕಕ್ಕೆ ವಾಲಿ ಅಲ್ಲೇ ನಿಲ್ಲುತ್ತದೆ. ಡೋಲಿನ ಒಂದು ಪೆಟ್ಟಿಗೆ ಇಡೀ ಮೈ ಸಡಿಲಾಗಿ ಕುಸಿಯುತ್ತದೆ, ಮರುಪೆಟ್ಟಿಗೆ ಯಾರೋ ಮೇಲಿನಿಂದ ಎಳೆದ ಹಾಗೆ ಎದ್ದು ನಿಲ್ಲುತ್ತದೆ. ಅನುಮಾನ ತಪ್ಪೇನಲ್ಲ. ದಾರ ಇಲ್ಲ, ಆದರೆ ದಾರದ ನೆನಪು ಇದೆ. ಈ ಕುಣಿತ ಸೂತ್ರದ ಗೊಂಬೆಗಳಿಂದ ಬಹಳಷ್ಟು ಕಲಿತಿದೆ.

ಗೊಂಬೆಯಿಂದ ಮಾತ್ರ ಕಲಿತಿದ್ದಾ ಅಂದರೆ, ಅಲ್ಲ. ಯುದ್ಧದಲ್ಲಿ ಸೆರೆಸಿಕ್ಕ ಥಾಯ್ ಕಲಾವಿದರಿಂದ, ಹಳ್ಳಿಯ ಡೋಲುಗಳಿಂದ, ಮೈಮೇಲೆ ಬರುವ ದೈವಗಳಿಂದ, ಪಗೋಡದ ಜಾತ್ರೆಯಿಂದ, ಆಮೇಲೆ ಬ್ರಿಟಿಷರ ಕಾಲದ ಟಿಕೆಟ್ ನಾಟಕದಿಂದಲೂ ಕಲಿತಿದೆ. ಇವೆಲ್ಲ ಹೇಗೆ ಒಂದೇ ಮೈಯೊಳಗೆ ಸೇರಿಕೊಂಡವು ಎಂಬುದನ್ನು ಬಿಡಿಸಿ ನೋಡೋಣ.

ಮೊದಲು ಒಂದು ಗೊಂದಲ ತೀರಿಸಿಕೊಳ್ಳಬೇಕು. ‘ಬರ್ಮಾದ ಜಾನಪದ ನೃತ್ಯ’ ಎಂದು ಇಂಟರ್‌ನೆಟ್ಟಿನಲ್ಲಿ ಸಿಗುವುದರಲ್ಲಿ ಬಹುಪಾಲು ನಿಜಕ್ಕೂ ಜಾನಪದ ಅಲ್ಲ. ಮಿರುಗುವ ಬಟ್ಟೆ, ಉದ್ದನೆಯ ಸೆರಗಿನ ಲುಂಗಿ, ತಲೆತುಂಬ ಹೂವು ಇರುವ ನೃತ್ಯ ಅರಮನೆಯ ಕಡೆಯಿಂದ ಬಂದದ್ದು. ಹಳ್ಳಿಯ ಕುಣಿತ ಬೇರೆ. ಅದರಲ್ಲಿ ಡೋಲು ಮುಖ್ಯ, ಬಟ್ಟೆ ಮನೆಯಲ್ಲಿ ಉಡುವಂಥದ್ದೇ. ಇನ್ನು ಮೂರನೆಯದು ಗಡಿ ಭಾಗದ ಶಾನ್, ಕಚಿನ್, ಕರೆನ್, ಚಿನ್ ಜನಗಳ ಕುಣಿತ. ದೇಶದ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಮಾರ್ ಸಮುದಾಯದವರು. ಉಳಿದವರು ಹತ್ತಾರು ಬೇರೆ ಬೇರೆ ಸಮುದಾಯಗಳಿಗೆ ಸೇರಿದವರು. ಆದ್ದರಿಂದ ‘ಬರ್ಮೀಸ್ ಡ್ಯಾನ್ಸ್’ ಎಂದಾಗ ಯಾರ ಡ್ಯಾನ್ಸ್ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಅರಮನೆಯ ಕಡೆಯದ್ದನ್ನೇ ಮೊದಲು ನೋಡೋಣ, ಏಕೆಂದರೆ ಗೊಂಬೆಯ ಕಥೆ ಇರುವುದು ಅಲ್ಲೇ.

ಈ ನೃತ್ಯದಲ್ಲಿ ಕಲಾವಿದೆ ಪೂರ್ತಿ ನೇರವಾಗಿ ನಿಲ್ಲುವುದು ಕಡಿಮೆ. ಮೊಣಕಾಲು ಯಾವಾಗಲೂ ಸ್ವಲ್ಪ ಬಾಗಿರುತ್ತದೆ, ಸೊಂಟ ಹಿಂದಕ್ಕೆ, ಎದೆ ಮುಂದಕ್ಕೆ, ಮಣಿಕಟ್ಟು ಹೊರಕ್ಕೆ. ಒಂದು ಭಂಗಿಯಿಂದ ಇನ್ನೊಂದಕ್ಕೆ ಹರಿದು ಹೋಗುವುದಕ್ಕಿಂತ ಭಂಗಿಯಲ್ಲಿ ನಿಲ್ಲುವುದಕ್ಕೇ ಇಲ್ಲಿ ಬೆಲೆ. ನಡುವಿನ ಚಲನೆ ಚಕಚಕ ಮುಗಿಯುತ್ತದೆ. ಥಾಯ್ ನೃತ್ಯ ನೋಡಿದವರಿಗೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಅಲ್ಲಿ ಕೈ ನಿಧಾನವಾಗಿ ತೇಲುತ್ತದೆ, ಇಲ್ಲಿ ಕೈ ಮುರಿದ ಹಾಗೆ ಮಡಚುತ್ತದೆ. ಭರತನಾಟ್ಯದಲ್ಲಿ ಪ್ರತಿ ಹಸ್ತಕ್ಕೂ ಒಂದು ಹೆಸರು, ಬಳಕೆಯ ಪಟ್ಟಿ ಇರುತ್ತದಲ್ಲ, ಅಂಥ ನಿಘಂಟು ಇಲ್ಲಿಲ್ಲ. ಕೈ ಅಂದಕ್ಕೆ, ತಾಳಕ್ಕೆ. ಕಥೆ ಹೇಳುವ ಕೆಲಸ ಹಾಡು ಮತ್ತು ಮಾತಿನದ್ದು.

ನಾಯಕಿಯ ಪಾತ್ರ ಮಾಡುವವಳಿಗೆ ಮಿಂತಮಿ ಎನ್ನುತ್ತಾರೆ, ನಾಯಕನಿಗೆ ಮಿಂತಾ. ಮಿಂತಮಿಯ ರವಿಕೆಯ ಅಂಚು ಸೊಂಟದ ಎರಡೂ ಕಡೆ ಗರಿಯ ಹಾಗೆ ಮೇಲಕ್ಕೆ ಚಾಚಿರುತ್ತದೆ. ಲುಂಗಿಗೆ ಹಿಂದೆ ನೆಲದ ಮೇಲೆ ಎಳೆದಾಡುವ ಬಿಳಿಯ ಬಟ್ಟೆ ಹೊಲಿದಿರುತ್ತಾರೆ. ಅಷ್ಟುದ್ದ ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಬೀಳುವುದು ಖಂಡಿತ. ಅದಕ್ಕೇ ಪ್ರತಿ ತಿರುವಿನಲ್ಲೂ ಅವಳು ಹಿಮ್ಮಡಿಯಿಂದ ಆ ಬಟ್ಟೆಯನ್ನು ಹಿಂದಕ್ಕೆ ಒದೆಯುತ್ತಾಳೆ. ತೊಂದರೆ ತಪ್ಪಿಸಿಕೊಳ್ಳುವ ಈ ಒದೆತವೇ ಇವತ್ತು ನೃತ್ಯದ ಗುರುತು. ಒದೆತ ಎಷ್ಟು ಹಗುರ, ಬಟ್ಟೆ ಗಾಳಿಯಲ್ಲಿ ಎಷ್ಟು ಚೆನ್ನಾಗಿ ಬಿಚ್ಚಿಕೊಂಡಿತು ಎಂಬುದನ್ನು ತಿಳಿದ ಪ್ರೇಕ್ಷಕರು ಗಮನಿಸುತ್ತಾರೆ.

ಈಗ ಗೊಂಬೆಗಳು. ಬರ್ಮಾದ ಸೂತ್ರದ ಗೊಂಬೆಯಾಟಕ್ಕೆ ಯೋಕ್ ತೇ ಎಂದು ಹೆಸರು. 18ನೇ ಶತಮಾನದ ಕೊನೆಯ ಭಾಗದಲ್ಲಿ, ಕೊನ್‌ಬೌಂಗ್ ವಂಶದ ರಾಜರ ಕಾಲದಲ್ಲಿ ಇದು ದೊಡ್ಡ ಕಲೆಯಾಗಿ ಬೆಳೆಯಿತು. ಸಿಂಗು ರಾಜನ ಆಳ್ವಿಕೆಯಲ್ಲಿ (1776–1782) ಊ ತೋ ಎಂಬ ಅಧಿಕಾರಿಗೆ ಅರಮನೆಯ ಮನರಂಜನೆಯ ಉಸ್ತುವಾರಿ ಇತ್ತು. ಗೊಂಬೆಯಾಟಕ್ಕೆ ನಿಯಮ ಹಾಕಿ ರೂಪ ಕೊಟ್ಟವನು ಅವನೇ ಎನ್ನುತ್ತಾರೆ. ಒಂದು ಪೂರ್ತಿ ಸೆಟ್ಟಿನಲ್ಲಿ 28 ಗೊಂಬೆಗಳು. ಕುದುರೆ, ಕೋತಿ, ಆನೆ, ಹುಲಿ, ನಾಗ, ಗರುಡ, ರಾಕ್ಷಸ, ಋಷಿ, ನಾಲ್ಕು ಜನ ಮಂತ್ರಿಗಳು, ರಾಜ, ರಾಜಕುಮಾರ, ರಾಜಕುಮಾರಿ. ಜೊತೆಗೆ ಕೆಂಪು ಬಟ್ಟೆ ಹಾಕಿ ಮಂತ್ರದಂಡ ಹಿಡಿದು ಹಾರಾಡುವ ಝೋಜಿ ಎಂಬ ರಸವಾದಿ. ಗೊಂಬೆ ಕೆತ್ತಲು ಹೆಚ್ಚಾಗಿ ಬಳಸುವುದು ಯಮನೆ ಎಂಬ ಹಗುರ ಮರ. ನಮ್ಮ ಮಲೆನಾಡಿನಲ್ಲೂ ಅದು ಬೆಳೆಯುತ್ತದೆ, ನಾವು ಶಿವನೆ ಮರ ಎನ್ನುತ್ತೇವೆ. ಒಂದೊಂದು ಗೊಂಬೆಗೆ ಹದಿನೆಂಟು ಹತ್ತೊಂಬತ್ತು ದಾರ, ಆಡಿಸುವವನು ಮಾತ್ರ ಒಬ್ಬನೇ.

ಗೊಂಬೆಗೆ ಅಷ್ಟು ಮರ್ಯಾದೆ ಸಿಕ್ಕಿದ್ದು ಹೇಗೆ? ಇಲ್ಲಿ ಎತ್ತರದ ಪ್ರಶ್ನೆ ಬರುತ್ತದೆ. ಬರ್ಮಾದಲ್ಲಿ ರಾಜನಿಗಿಂತ, ಭಿಕ್ಷುಗಳಿಗಿಂತ ಎತ್ತರದಲ್ಲಿ ನಿಲ್ಲುವುದು ಅಪಚಾರ. ಹಾಗಾಗಿ ಮನುಷ್ಯರ ನಾಟಕ ನೆಲದ ಮೇಲೇ ನಡೆಯಬೇಕಿತ್ತು, ಸುತ್ತ ಜನ ಕೂರುತ್ತಿದ್ದರು. ಗೊಂಬೆ ಮನುಷ್ಯ ಅಲ್ಲವಲ್ಲ! ಅದಕ್ಕೆ ಎತ್ತರದ ರಂಗ ಕಟ್ಟಬಹುದಿತ್ತು. ಎರಡನೆಯ ಅಡ್ಡಿ ಮರ್ಯಾದೆಯದ್ದು. ಗಂಡು ಹೆಣ್ಣು ಎಲ್ಲರೆದುರು ಪ್ರೇಮದ ಅಭಿನಯ ಮಾಡುವುದು ಸರಿಯಲ್ಲ ಎಂಬ ಭಾವನೆ ಇತ್ತು. ಮರದ ರಾಜಕುಮಾರ ಮರದ ರಾಜಕುಮಾರಿಯನ್ನು ಮುದ್ದಿಸಿದರೆ ಯಾರಿಗೂ ತಕರಾರಿಲ್ಲ. ಬುದ್ಧನ ಹಿಂದಿನ ಜನ್ಮಗಳ ಕಥೆಗಳನ್ನು, ಅಂದರೆ ಜಾತಕಗಳನ್ನು, ಮನುಷ್ಯರು ವೇಷ ಕಟ್ಟಿ ಆಡುವುದಕ್ಕೂ ಹಿಂಜರಿಕೆ ಇತ್ತು. ಅಲ್ಲೂ ಗೊಂಬೆಯೇ ಗೆದ್ದಿತು. ರಾಜನ ಮುಂದೆ ನಟರು ಹೇಳಲಾಗದ್ದನ್ನು ಗೊಂಬೆಗಳ ಬಾಯಲ್ಲಿ ಹೇಳಿಸುತ್ತಿದ್ದರು ಎಂಬ ಮಾತೂ ಇದೆ.

ಹೀಗೆ ಒಳ್ಳೆಯ ಕಥೆ, ಒಳ್ಳೆಯ ಸಂಗೀತ, ಒಳ್ಳೆಯ ಹಾಡುಗಾರರು ಎಲ್ಲ ಗೊಂಬೆಯ ರಂಗಕ್ಕೆ ಹೋದರು. ಮನುಷ್ಯರು ಮತ್ತೆ ರಂಗಕ್ಕೆ ಬಂದಾಗ ಅವರ ಎದುರಿಗಿದ್ದ ಮಾದರಿ ಯಾವುದು? ಗೊಂಬೆಯದ್ದೇ. ಗೊಂಬೆಯ ಹಾಗೆ ಮಡಚಿ, ಗೊಂಬೆಯ ಹಾಗೆ ನಿಂತು, ಗೊಂಬೆಯ ಹಾಗೆ ಕುಸಿದವರನ್ನು ಜನ ಹೊಗಳಿದರು.

ನಮ್ಮಲ್ಲಿ ಇದು ತಿರುವುಮುರುವು. ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳು ಯಕ್ಷಗಾನದ ವೇಷ ತೊಟ್ಟು ಯಕ್ಷಗಾನದ ಹೆಜ್ಜೆಯನ್ನೇ ಹಾಕುತ್ತವೆ. ಗೊಂಬೆ ಆಡಿಸುವವನ ಜಾಣ್ಮೆ ಇರುವುದು ಮರವನ್ನು ಮನುಷ್ಯನಂತೆ ಕುಣಿಸುವುದರಲ್ಲಿ. ಬರ್ಮಾದಲ್ಲಿ ಜಾಣ್ಮೆ ಮನುಷ್ಯ ಮರದಂತೆ ಕುಣಿಯುವುದರಲ್ಲಿ. ಇದನ್ನೇ ತೋರಿಸುವ ಒಂದು ಐಟಂ ಈಗಲೂ ಜನಪ್ರಿಯ. ರಂಗದ ಮೇಲೆ ಒಬ್ಬ ಹುಡುಗಿ ಗೊಂಬೆಯಾಗಿ ಕುಣಿಯುತ್ತಾಳೆ. ಹಿಂದೆ ನಿಂತ ಸೂತ್ರಧಾರ ಇಲ್ಲದ ದಾರಗಳನ್ನು ಎಳೆಯುತ್ತಾನೆ. ಅವನು ಕೈ ಬಿಟ್ಟರೆ ಅವಳು ಅಲ್ಲೇ ಮುದ್ದೆಯಾಗಿ ಬೀಳುತ್ತಾಳೆ.

ಆದರೆ ಎಲ್ಲವನ್ನೂ ಗೊಂಬೆಯ ತಲೆಗೆ ಕಟ್ಟುವುದು ಅತಿಯಾಯಿತು ಎಂದು ನನಗನಿಸುತ್ತದೆ. ಆ ಗೊಂಬೆಗಳಿಗೆ ಕುಣಿತ ಕಲಿಸಿದವರು ಯಾರು? ಆಗಿನ ಮನುಷ್ಯರ ನೃತ್ಯ ನೋಡಿ ಬೆಳೆದವರೇ ಅಲ್ವಾ? ಹಿಂದಿನ ರಾಜಧಾನಿ ಬಗಾನಿನ ಹಳೆಯ ದೇವಾಲಯಗಳ ಗೋಡೆಗಳಲ್ಲಿ ಮೊಣಕಾಲು ಬಾಗಿಸಿ ಕುಣಿಯುವವರ ಚಿತ್ರಗಳಿವೆ. ಅವು ಯೋಕ್ ತೇಗಿಂತ ನೂರಾರು ವರ್ಷ ಹಳೆಯವು. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿರಬೇಕು. ಆ ಥಟ್ಟನೆ ನಿಲ್ಲುವ ಗುಣ ಮಾತ್ರ ಗೊಂಬೆಯ ಕೊಡುಗೆ ಎಂದು ಧಾರಾಳವಾಗಿ ಹೇಳಬಹುದು.

ಎರಡನೆಯ ದೊಡ್ಡ ಪ್ರಭಾವದ ಹಿಂದೆ ಇರುವುದು ಒಂದು ಯುದ್ಧ. 1767ರಲ್ಲಿ ಬರ್ಮಾದ ಸಿನ್‌ಬ್ಯೂಶಿನ್ ರಾಜನ ಸೈನ್ಯ ಸಯಾಮಿನ (ಈಗಿನ ಥಾಯ್ಲೆಂಡಿನ) ರಾಜಧಾನಿ ಅಯುಥಯವನ್ನು ಸುಟ್ಟು ನಾಶ ಮಾಡಿತು. ಸಾವಿರಾರು ಜನರನ್ನು ಸೆರೆ ಹಿಡಿದು ತಂದರು. ಅವರಲ್ಲಿ ಅರಮನೆಯ ನರ್ತಕಿಯರು, ವಾದ್ಯದವರು, ಕುಶಲಕರ್ಮಿಗಳು ಇದ್ದರು. ಆ ಕಾಲದಲ್ಲಿ ಗೆದ್ದ ರಾಜನಿಗೆ ಭೂಮಿಗಿಂತ ಜನ ಹೆಚ್ಚು ಬೆಲೆಬಾಳುವ ಲೂಟಿ. ಕಲಾವಿದರಂತೂ ಇನ್ನೂ ಬೆಲೆ. ಸೆರೆಯಾಳುಗಳಾಗಿ ಬಂದವರು ಆಗಿನ ಬರ್ಮಾದ ರಾಜಧಾನಿ ಆವಾದ ಅರಮನೆಯಲ್ಲಿ ತಮ್ಮ ರಾಮಾಯಣವನ್ನು ಆಡಿ ತೋರಿಸಿದರು. ಗೆದ್ದವರು ಸೋತವರ ಕಲೆಗೆ ಮಾರುಹೋದರು.

1789ರಲ್ಲಿ ಬೋದೋಪಯಾ ರಾಜನ ಕಾಲದಲ್ಲಿ ರಾಜಕುಮಾರರು ಮತ್ತು ಮಂತ್ರಿಗಳ ಒಂದು ಸಮಿತಿಯೇ ಆಯಿತು. ಸಯಾಮಿನ ಮತ್ತು ಜಾವಾದ ನಾಟಕಗಳನ್ನು ಬರ್ಮೀಸ್ ಭಾಷೆಗೆ ತರುವುದು ಅದರ ಕೆಲಸ. ಇದರಲ್ಲಿ ಎದ್ದು ಕಾಣುವ ಹೆಸರು ಮ್ಯಾವದಿ ಮಿಂಜಿ ಊ ಸಾ (1766–1853). ಕವಿ, ಸಂಗೀತಗಾರ, ಆಮೇಲೆ ಮಂತ್ರಿ. ಬ್ರಿಟಿಷರ ವಿರುದ್ಧದ ಮೊದಲ ಯುದ್ಧದಲ್ಲಿ ಸೈನ್ಯ ನಡೆಸಿದವನೂ ಇವನೇ. ರಾಮಾಯಣವನ್ನು ಬರ್ಮೀಸ್ ರಂಗಕ್ಕೆ ಹೊಂದಿಸಿದ. ಜಾವಾದಲ್ಲಿ ಹುಟ್ಟಿ, ಮಲಯ ನಾಡಿನ ಮೂಲಕ ಸಯಾಮಿಗೆ ಬಂದು, ಅಲ್ಲಿಂದ ಸೆರೆಯಾಳುಗಳ ಜೊತೆ ಬರ್ಮಾ ಸೇರಿದ ಇನೌ ಎಂಬ ಪ್ರೇಮಕಥೆಯನ್ನೂ ಬರೆದ. ಥಾಯ್ ಧಾಟಿಯ ಹಾಡುಗಳಿಗೆ ಬರ್ಮೀಸರು ಈಗಲೂ ‘ಯೋದಯಾ’ (ಅಂದರೆ ಅಯುಥಯ) ಹಾಡುಗಳೆಂದೇ ಹೆಸರಿಟ್ಟಿದ್ದಾರೆ. ಎಲ್ಲಿಂದ ತಂದೆವು ಎಂಬುದನ್ನು ಮುಚ್ಚಿಟ್ಟಿಲ್ಲ. ಇದು ನನಗೆ ಇಷ್ಟವಾದ ಸಂಗತಿ.

ಬರ್ಮೀಸ್ ರಾಮಾಯಣಕ್ಕೆ ಯಾಮ ಝಾತ್‌ದೋ ಎನ್ನುತ್ತಾರೆ. ರಾಮ ಯಾಮ ಆಗಿದ್ದಾನೆ, ಸೀತೆ ತಿದಾ, ಹತ್ತು ತಲೆಯವನು ದತಗಿರಿ. ಇದನ್ನೂ ಅವರು ಜಾತಕ ಕಥೆಗಳ ಸಾಲಿಗೆ ಸೇರಿಸಿಕೊಂಡುಬಿಟ್ಟಿದ್ದಾರೆ. ಮುಖವಾಡ, ಕಿರೀಟ, ವೇಷ ನೋಡಿದರೆ ಥಾಯ್ ಎಂದು ಕೂಡಲೇ ತಿಳಿಯುತ್ತದೆ. ಕುಣಿತ ಮಾತ್ರ ಬರ್ಮೀಸ್. ಥಾಯ್ ರಾಮ ನಿಧಾನವಾಗಿ ಬಿಲ್ಲು ಎತ್ತಿದರೆ ಬರ್ಮೀಸ್ ರಾಮ ಜಿಗಿದು ಎತ್ತುತ್ತಾನೆ.

ಇಷ್ಟು ಓದಿದ ನಮ್ಮವರು ಕೇಳುವ ಪ್ರಶ್ನೆ ಗೊತ್ತು: ಹಾಗಾದರೆ ಮೂಲ ಭಾರತದ್ದೇ ಅಲ್ವಾ? ಅರ್ಧ ಹೌದು. ರಾಮಾಯಣ, ಜಾತಕ, ಕಿನ್ನರ, ಗರುಡ, ನಾಗ ಎಲ್ಲ ಇಲ್ಲಿಂದ ಹೋದ ಕಲ್ಪನೆಗಳು. ಬಮಾರರು ಬರುವ ಮೊದಲು ಇರಾವತಿ ಕಣಿವೆಯಲ್ಲಿ ಪ್ಯೂ ಜನರ ನಗರಗಳಿದ್ದವು. ಶ್ರೀಕ್ಷೇತ್ರ ಅವುಗಳಲ್ಲಿ ದೊಡ್ಡದು, ಈಗಿನ ಪ್ಯೇ ಪಟ್ಟಣದ ಪಕ್ಕದಲ್ಲಿದೆ. ಅಲ್ಲಿ ಸಿಕ್ಕ ಹಳೆಯ ಪಾಳಿ ಬರಹಗಳ ಲಿಪಿಯನ್ನು ವಿದ್ವಾಂಸರು ನಮ್ಮ ಬನವಾಸಿಯ ಕದಂಬರ ಲಿಪಿಗೆ ಮತ್ತು ಪಲ್ಲವರ ಲಿಪಿಗೆ ಹೋಲಿಸಿದ್ದಾರೆ. ದಕ್ಷಿಣ ಭಾರತದ ಜೊತೆ ಸಂಪರ್ಕ ಇತ್ತು ಎನ್ನಲು ಇಷ್ಟು ಸಾಕು. ಅದೇ ಶ್ರೀಕ್ಷೇತ್ರದಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಐದು ಕಂಚಿನ ಬೊಂಬೆಗಳು ಸಿಕ್ಕಿವೆ. ಒಬ್ಬ ಡೋಲು ಬಡಿಯುತ್ತಾನೆ, ಒಬ್ಬ ಕೊಳಲು ಊದುತ್ತಾನೆ, ಒಬ್ಬ ತಾಳ ಹಾಕುತ್ತಾನೆ, ಒಬ್ಬ ಕುಣಿಯುತ್ತಾನೆ, ಇನ್ನೊಬ್ಬ ಕುಳ್ಳ ಕೋಡಂಗಿ. ಒಂದು ಪೂರ್ತಿ ಮೇಳ! 802ರಲ್ಲಿ ಪ್ಯೂ ರಾಜ್ಯದಿಂದ 35 ಕಲಾವಿದರ ತಂಡ ಚೀನಾದ ಟಾಂಗ್ ದೊರೆಯ ಆಸ್ಥಾನಕ್ಕೆ ಹೋಗಿ ಹಾಡಿ ಕುಣಿದದ್ದು ಚೀನೀ ದಾಖಲೆಗಳಲ್ಲಿದೆ.

ಇನ್ನರ್ಧ ಅಲ್ಲ. ರಾಮಾಯಣದ ನಾಟಕ ಅವರಿಗೆ ಬಂದದ್ದು ನೇರ ಭಾರತದಿಂದಲ್ಲ, ಸಯಾಮಿನಿಂದ. ಮೈ ಮಡಚುವ ಕ್ರಮ ಅವರದ್ದೇ. ಅದಲ್ಲದೆ, ಈ ನೃತ್ಯದ ಹಳೆಯ ಬೇರು ಬಹುಶಃ ಬೌದ್ಧ ಧರ್ಮ ಬರುವುದಕ್ಕೂ ಮೊದಲಿನ ನಂಬಿಕೆಯಲ್ಲಿದೆ. ಅದೇ ನಾತ್‌ಗಳ ಆರಾಧನೆ.

ನಾತ್ ಎಂದರೆ ದೈವ. ಹೆಚ್ಚಿನವರು ಅಕಾಲದಲ್ಲಿ, ಅನ್ಯಾಯವಾಗಿ ಸತ್ತ ಮನುಷ್ಯರು. 11ನೇ ಶತಮಾನದಲ್ಲಿ ಬಗಾನಿನ ರಾಜ ಅನೋರಥ ಥೇರವಾದ ಬೌದ್ಧ ಧರ್ಮವನ್ನು ಬಲಪಡಿಸಿದ. ಆದರೆ ನಾತ್‌ಗಳನ್ನು ಕಿತ್ತುಹಾಕಲು ಅವನಿಂದಲೂ ಆಗಲಿಲ್ಲ. ಕೊನೆಗೆ 37 ನಾತ್‌ಗಳ ಒಂದು ಪಟ್ಟಿಯನ್ನೇ ಒಪ್ಪಿಕೊಂಡು, ಇಂದ್ರನನ್ನು ಅವರೆಲ್ಲರ ಮೇಲೆ ಕೂರಿಸಿದ ಎಂಬುದು ಪರಂಪರೆಯ ಮಾತು.

ನಾತ್‌ಗಳ ಹಬ್ಬದಲ್ಲಿ ಕುಣಿಯುವವರಿಗೆ ನಾತ್ ಕದೋ ಎನ್ನುತ್ತಾರೆ. ದೈವವನ್ನು ಮದುವೆಯಾದವರು ಎಂದು ಲೆಕ್ಕ. ಮೊದಲು ಹೆಂಗಸರೇ ಹೆಚ್ಚಿದ್ದರು. ಈಗ ಹೆಣ್ಣಿನ ವೇಷದಲ್ಲಿ ಬದುಕುವ ಗಂಡಸರು, ಟ್ರಾನ್ಸ್ ಮಹಿಳೆಯರು ಜಾಸ್ತಿ. ಸಮಾಜದ ಬೇರೆ ಕಡೆ ಅವಮಾನ ಉಣ್ಣುವವರು ಇಲ್ಲಿ ಪೂಜ್ಯರು. ಪ್ರತಿ ನಾತ್‌ಗೂ ಬೇರೆ ಹಾಡು, ಬೇರೆ ತಾಳ, ಬೇರೆ ವೇಷ. ಬಾಗೋ ಊರಿನ ನಂಕರೈಂಗ್ ತಾಯಿ ಬಂದರೆ ತಲೆಯ ಮೇಲೆ ಎಮ್ಮೆಯ ಮುಖ. ಕೋ ಜಿ ಚೋ ಎಂಬ ನಾತ್ ಕುಡುಕ, ಕೋಳಿ ಅಂಕದ ಹುಚ್ಚಿನವನು. ಅವನು ಮೈಮೇಲೆ ಬಂದಾಗ ಕುಣಿಯುವವರು ಬಾಟಲಿಯನ್ನೇ ಬಾಯಿಗಿಡುತ್ತಾರೆ. ಭಕ್ತರು ನೋಟುಗಳನ್ನು ಅವರ ಬಟ್ಟೆಗೆ ಸಿಕ್ಕಿಸುತ್ತಾರೆ.

ಎಲ್ಲಕ್ಕಿಂತ ದೊಡ್ಡ ಹಬ್ಬ ಆಗಸ್ಟ್ ಸುಮಾರಿಗೆ ಮಂಡಲೆಯ ಹತ್ತಿರದ ತೌಂಗ್‌ಬ್ಯೋನ್‌ನಲ್ಲಿ. ಅಲ್ಲಿನ ನಾತ್‌ಗಳು ಇಬ್ಬರು ಅಣ್ಣತಮ್ಮಂದಿರು. ಅವರ ಕಥೆ ಕೇಳಿದರೆ ಬರ್ಮಾದ ಸಂಸ್ಕೃತಿ ಎಷ್ಟು ಬೆರಕೆ ಎಂದು ತಿಳಿಯುತ್ತದೆ. ಅವರ ತಂದೆ ಬ್ಯಾತ್ತ, ಸಮುದ್ರದಲ್ಲಿ ಹಡಗು ಮುರಿದು ದಡ ಸೇರಿದ ಪರದೇಶಿ. ಭಾರತದ ಕಡೆಯ ಮುಸ್ಲಿಂ ಎಂದು ಕಥೆ ಹೇಳುತ್ತದೆ. ಓಟದಲ್ಲಿ ಅವನಿಗೆ ಸಮ ಇಲ್ಲ. ಅನೋರಥನಿಗಾಗಿ ದಿನಾ ಪೋಪಾ ಬೆಟ್ಟಕ್ಕೆ ಓಡಿ ಹೂ ತರುವುದು ಅವನ ಕೆಲಸ. ಬೆಟ್ಟದಲ್ಲಿ ಹೂವನ್ನೇ ತಿಂದು ಬದುಕುವ ರಾಕ್ಷಸಿಯ ಮೇಲೆ ಅವನಿಗೆ ಪ್ರೀತಿಯಾಯಿತು. ಹೂ ತರುವುದು ತಡವಾಯಿತು, ರಾಜ ಕೊಲ್ಲಿಸಿದ. ಅವನ ಇಬ್ಬರು ಮಕ್ಕಳು ಮುಂದೆ ಅದೇ ರಾಜನ ಸೇವೆಗೆ ಸೇರಿದರು. ತೌಂಗ್‌ಬ್ಯೋನ್‌ನಲ್ಲಿ ಪಗೋಡ ಕಟ್ಟುವಾಗ ಪ್ರತಿಯೊಬ್ಬರೂ ಒಂದು ಇಟ್ಟಿಗೆ ಇಡಬೇಕೆಂದು ಅಪ್ಪಣೆ ಆಗಿತ್ತು. ಇವರಿಬ್ಬರೂ ಆಟದಲ್ಲಿ ಮರೆತರು. ಅವರಿಗೂ ಸಾವು. ಆ ಎರಡು ಇಟ್ಟಿಗೆಗಳ ಖಾಲಿ ಜಾಗವನ್ನು ಈಗಲೂ ಯಾತ್ರಿಗಳಿಗೆ ತೋರಿಸುತ್ತಾರೆ. ಬೌದ್ಧ ಪಗೋಡದ ಅಂಗಳದಲ್ಲಿ ಮುಸ್ಲಿಂ ತಂದೆಯ, ರಾಕ್ಷಸಿ ತಾಯಿಯ ಮಕ್ಕಳಿಗಾಗಿ ದಿನಗಟ್ಟಲೆ ಕುಣಿತ ನಡೆಯುತ್ತದೆ.

ಈ ದೈವದ ಕುಣಿತ ರಂಗದ ನೃತ್ಯದೊಳಗೂ ಇದೆ. ರಾತ್ರಿಯಿಡೀ ನಡೆಯುವ ಪ್ರದರ್ಶನಕ್ಕೆ ಝಾತ್ ಪ್ವೆ ಎನ್ನುತ್ತಾರೆ. ಅದರ ಮೊದಲ ಕುಣಿತ ನಾತ್‌ಗಳಿಗೆ. ತೆಂಗಿನಕಾಯಿ, ಬಾಳೆಹಣ್ಣಿನ ಚಿಪ್ಪು ಇಟ್ಟ ತಟ್ಟೆಯನ್ನು ಎತ್ತಿ ಹಿಡಿದು ಒಬ್ಬಳು ಕುಣಿಯುತ್ತಾಳೆ. ಆಮೇಲೆ ಉಳಿದದ್ದು.

ಬೌದ್ಧ ಧರ್ಮದ ಜೊತೆ ಈ ನೃತ್ಯದ ಸಂಬಂಧ ಸ್ವಲ್ಪ ಇಕ್ಕಟ್ಟಿನದ್ದು. ಭಿಕ್ಷುಗಳು ಹಾಡು ಕುಣಿತ ನೋಡುವಂತಿಲ್ಲ. ಅಷ್ಟಶೀಲ (ಎಂಟು ನಿಯಮಗಳ ವ್ರತ) ಹಿಡಿದ ದಿನ ಗೃಹಸ್ಥರೂ ನೋಡುವಂತಿಲ್ಲ. ಆದರೆ ಬಗಾನಿನ ಶಾಸನಗಳಲ್ಲಿ ದಾನಿಗಳು ಪಗೋಡಗಳಿಗೆ ನರ್ತಕರನ್ನು, ವಾದ್ಯದವರನ್ನು ದಾನ ಕೊಟ್ಟ ವಿವರ ಸಿಗುತ್ತದೆ. ಇವತ್ತಿಗೂ ದೊಡ್ಡ ಪ್ರದರ್ಶನಗಳು ನಡೆಯುವುದು ಪಗೋಡದ ಜಾತ್ರೆಯಲ್ಲೇ. ಮಳೆಗಾಲದ ಮೂರು ತಿಂಗಳು, ಭಿಕ್ಷುಗಳ ವರ್ಷಾವಾಸದ ಹೊತ್ತಿಗೆ, ಮದುವೆಗಳೂ ಇಲ್ಲ, ಝಾತ್ ತಂಡಗಳಿಗೂ ಬಿಡುವು. ಅಕ್ಟೋಬರ್ ಸುಮಾರಿನ ತಡಿಂಜುತ್ ಹುಣ್ಣಿಮೆಗೆ ಅದು ಮುಗಿಯುತ್ತದೆ. ಆಮೇಲೆ ತಂಡಗಳು ಊರೂರು ಸುತ್ತಲು ಹೊರಡುತ್ತವೆ.

ಆ ಹುಣ್ಣಿಮೆಯ ಹಿಂದಿನ ದಿನ ಮಂಡಲೆಯ ದಕ್ಷಿಣಕ್ಕಿರುವ ಚೌಕ್ಸೆಯಲ್ಲಿ ಆನೆ ಕುಣಿತ. ಬಿದಿರಿನ ಹಂದರಕ್ಕೆ ಬಟ್ಟೆ, ಕಾಗದ, ಮಿಂಚು ಹಚ್ಚಿದ ದೊಡ್ಡ ಆನೆ. ಒಳಗೆ ಇಬ್ಬರು ಗಂಡಸರು, ಒಬ್ಬ ಮುಂಗಾಲು, ಒಬ್ಬ ಹಿಂಗಾಲು. ಡೋಲಿಗೆ ತಕ್ಕಂತೆ ಆನೆ ಮಂಡಿಯೂರುತ್ತದೆ, ಲಾಗ ಹಾಕುತ್ತದೆ. ಅನೋರಥನ ಬಿಳಿಯಾನೆ ಬುದ್ಧನ ಧಾತು (ದೇಹದ ಅವಶೇಷ) ಹೊತ್ತು ತಂದಾಗ ಇಲ್ಲಿ ನಿಂತಿತಂತೆ, ಆ ನೆನಪಿಗೆ ಬೆಟ್ಟದ ಬುಡಕ್ಕೆ ಮೂರು ಸುತ್ತು.

ಇನ್ನು ಹಳ್ಳಿಯ ಕುಣಿತಕ್ಕೆ ಬರೋಣ. ಇಲ್ಲಿ ಕುಣಿತದ ಹೆಸರೂ ಡೋಲಿನ ಹೆಸರೂ ಒಂದೇ. ಓಝಿ ಎಂಬುದು ಉದ್ದ ಕಾಲಿನ ಬಟ್ಟಲಿನ ಆಕಾರದ ಡೋಲು, ಒಂದೇ ಮುಖ. ಹೆಗಲಿಗೆ ನೇತುಹಾಕಿಕೊಂಡು ಬಾರಿಸುವವನೇ ಕುಣಿಯುತ್ತಾನೆ. ದೋಬತ್ ಎರಡು ಮುಖದ್ದು, ಕೊರಳಿಗೆ ಹಾಕಿಕೊಳ್ಳುವಂಥದ್ದು. ಅದರ ಜೊತೆ ಕೊಳಲು, ತಾಳ, ಬಿದಿರಿನ ಚಿಟಿಕೆ ಇರುತ್ತವೆ. ದೋಬತ್ ಸದ್ದು ಕೇಳಿದರೆ ತಮಾಷೆ ಶುರು ಎಂದು ಅರ್ಥ. ಬ್ಯೋ ಡೋಲು ದಾನಧರ್ಮದ ಸಂಭ್ರಮಕ್ಕೆ. ಹುಡುಗರಿಗೆ ಚೀವರ (ಭಿಕ್ಷುವಿನ ಬಟ್ಟೆ) ಕೊಡಿಸುವ ಶಿನ್‌ಬ್ಯೂ ಹಬ್ಬದ ಮೆರವಣಿಗೆಯಲ್ಲಿ ಇದು ಇರಲೇಬೇಕು. ಬೋಂಜಿ ಎಂಬ ದೊಡ್ಡ ಡೋಲು ಭತ್ತದ ನಾಟಿ ಮಾಡುವಾಗ. ಕೆಸರಿನಲ್ಲಿ ಬಗ್ಗಿದ ಹೆಂಗಸರ ಬೆನ್ನುನೋವು ಮರೆಸಲು ಬದುವಿನ ಮೇಲೆ ಗಂಡಸರು ಬಾರಿಸಿ ಕುಣಿಯುತ್ತಾರೆ. ಅದರ ಬದಲು ಅವರೂ ಗದ್ದೆಗೆ ಇಳಿಯಬಹುದಿತ್ತಲ್ಲ ಎಂದು ಯಾರಾದರೂ ಕೇಳಿದ್ದಾರೋ ಇಲ್ಲವೋ!

ಹಳ್ಳಿಯ ಮೆರವಣಿಗೆಗಳಲ್ಲಿ ಊ ಶ್ವೇ ಯೋ ಮತ್ತು ದೋ ಮೋ ಎಂಬ ಜೋಡಿಯೂ ಸಿಗುತ್ತದೆ. ಅವನು ಇಳಿಬಿದ್ದ ಮೀಸೆಯ ಹಳೆ ಬ್ರಹ್ಮಚಾರಿ, ಕೈಯಲ್ಲಿ ಬಣ್ಣದ ಕೊಡೆ. ಅವಳು ಮದುವೆಯಾಗದ ವಯಸ್ಸಾದ ಹೆಂಗಸು. ಅವನು ಕೊಡೆ ತಿರುಗಿಸಿಕೊಂಡು ಹತ್ತಿರ ಬರುತ್ತಾನೆ, ಅವಳು ಮುಖ ತಿರುಗಿಸಿಕೊಂಡು ಓರೆಗಣ್ಣಿನಲ್ಲಿ ನೋಡುತ್ತಾಳೆ. ಕಥೆ ಅಷ್ಟೇ. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಇಷ್ಟ.

ಏಪ್ರಿಲ್ ಮಧ್ಯದಲ್ಲಿ, ತುಳುನಾಡಿನವರು ಬಿಸು ಹಬ್ಬ ಮಾಡುವ ಹೊತ್ತಿಗೇ, ಬರ್ಮಾದ ಹೊಸವರ್ಷ ತಿಂಜಾನ್. ನೀರೆರಚುವ ಹಬ್ಬ. ಆಗ ಬೀದಿಬೀದಿಯಲ್ಲಿ ಚಪ್ಪರ ಹಾಕಿ ಹುಡುಗಿಯರು ಸಾಲಾಗಿ ಒಂದೇ ತರಹ ಬಟ್ಟೆ ತೊಟ್ಟು ಕುಣಿಯುತ್ತಾರೆ. ಇದಕ್ಕೆ ಯೇಂ ಎನ್ನುತ್ತಾರೆ. ಅದೇ ಹಬ್ಬದಲ್ಲಿ ಡೋಲಿನ ಜೊತೆ ತಂಜಾತ್ ಇದೆ. ಒಬ್ಬ ಹೇಳುತ್ತಾನೆ, ಉಳಿದವರು ಕೂಗಿ ಉತ್ತರ ಕೊಡುತ್ತಾರೆ. ಬೆಲೆಯೇರಿಕೆ, ಲಂಚ, ಅಧಿಕಾರಿಗಳ ಸೊಕ್ಕು ಎಲ್ಲ ಅದರಲ್ಲಿ ಬರುತ್ತದೆ. ಸೈನಿಕ ಆಡಳಿತದಲ್ಲಿ ಇದಕ್ಕೆ ಬಹುಕಾಲ ನಿಷೇಧ ಇತ್ತು. ನಿಷೇಧ ಸಡಿಲವಾದ ಮೇಲೂ 2019ರಲ್ಲಿ ಸೈನ್ಯವನ್ನು ಗೇಲಿ ಮಾಡಿದ್ದಕ್ಕೆ ಒಂದು ತಂಜಾತ್ ತಂಡದ ಯುವಕರನ್ನು ಜೈಲಿಗೆ ಹಾಕಿದರು.

ಹಳ್ಳಿ ಮತ್ತು ಅರಮನೆ ಎರಡೂ ಕೂಡುವುದು ಸೈಂಗ್ ವೈಂಗ್ ಎಂಬ ವಾದ್ಯಮೇಳದಲ್ಲಿ. ಇದರ ನಡುವೆ 21 ಚಿಕ್ಕ ದೊಡ್ಡ ಡೋಲುಗಳ ಒಂದು ವೃತ್ತ. ವಾದಕ ಅದರೊಳಗೆ ಕೂತು ಸುತ್ತ ತಿರುಗುತ್ತಾ ಬರಿಗೈಯಲ್ಲಿ ರಾಗವನ್ನೇ ನುಡಿಸುತ್ತಾನೆ. ಹೌದು, ಡೋಲಿನಲ್ಲಿ ರಾಗ. ಪ್ರತಿ ಡೋಲಿನ ಮೇಲೆ ಅನ್ನ ಮತ್ತು ಬೂದಿ ಕಲಸಿದ ಕಣಕ ಹಚ್ಚಿ ಶ್ರುತಿ ಹೊಂದಿಸುತ್ತಾರೆ. ಮೃದಂಗದ ಎಡಗಡೆಗೆ ರವೆ ಹಚ್ಚುವುದನ್ನು ಕಂಡವರಿಗೆ ಇದು ಹೊಸದಲ್ಲ. ಜೊತೆಗೆ ಜಾಗಟೆಗಳ ವೃತ್ತ, ತಾಳ, ಬಿದಿರಿನ ಚಿಟಿಕೆ, ಓಲಗದ ಜಾತಿಗೆ ಸೇರಿದ ಹ್ನೆ ಎಂಬ ಊದುವ ವಾದ್ಯ. ಇಲ್ಲಿ ನರ್ತಕಿ ಸಂಗೀತದ ಹಿಂದೆ ಹೋಗುವುದಿಲ್ಲ. ಡೋಲಿನವನ ಕಣ್ಣು ಅವಳ ಹೆಗಲ ಮೇಲೆ, ಅವಳ ಕಿವಿ ಅವನ ಬೆರಳ ಮೇಲೆ. ಅವಳು ನಿಂತ ಕ್ಷಣವೇ ಡೋಲೂ ನಿಲ್ಲಬೇಕು.

ಗಡಿ ಭಾಗದ ಕುಣಿತಗಳ ಬಗ್ಗೆ ಪ್ರತ್ಯೇಕ ಲೇಖನವೇ ಬೇಕು. ಒಂದೆರಡು ಮಾತು ಮಾತ್ರ ಹೇಳುತ್ತೇನೆ. ಶಾನ್ ಜನರದ್ದು ರೆಕ್ಕೆ ಕಟ್ಟಿದ ಕಿನ್ನರ ಕಿನ್ನರಿಯರ ಕುಣಿತ. ಕಚಿನ್ ಜನರ ಮನೌ ಅದಕ್ಕಿಂತ ಬೇರೆಯೇ ಲೋಕ. ಜನವರಿ 10ರ ಸುಮಾರಿಗೆ ಮ್ಯಿಚೀನಾದಲ್ಲಿ ಸಾವಿರಾರು ಜನ ಒಟ್ಟಿಗೆ ಕುಣಿಯುತ್ತಾರೆ. ಮೈದಾನದ ನಡುವೆ ಬಣ್ಣದ ಎತ್ತರದ ಕಂಬಗಳು. ಅವುಗಳ ಮೇಲೆ ಬರೆದ ವಕ್ರ ಗೆರೆಗಳೇ ಕುಣಿತದ ದಾರಿಯ ನಕ್ಷೆ. ಹಾರ್ನ್‌ಬಿಲ್ ಹಕ್ಕಿಯ ಗರಿ ತೊಟ್ಟ ಮುಂದಾಳುಗಳು ಆ ಗೆರೆ ಹಿಡಿದು ನಡೆಯುತ್ತಾರೆ, ಜನ ಹಿಂದೆ. ಇದರಲ್ಲಿ ಗೊಂಬೆಯೂ ಇಲ್ಲ, ಸಯಾಮೂ ಇಲ್ಲ. ಸರ್ಕಾರಿ ಸಮಾರಂಭಗಳಲ್ಲಿ ಎಲ್ಲ ಸಮುದಾಯಗಳ ಐದೈದು ನಿಮಿಷದ ಕುಣಿತ ಜೋಡಿಸಿ ‘ಒಕ್ಕೂಟದ ನೃತ್ಯ’ ಎಂದು ತೋರಿಸುವುದುಂಟು. ನೋಡಲು ಚೆಂದವೇ. ಆದರೆ ಸಾವಿರ ಜನರ ಮನೌವನ್ನು ಎಂಟು ಜನ ವೇದಿಕೆಯಲ್ಲಿ ಮಾಡಿದರೆ ಅದರಲ್ಲಿ ಉಳಿಯುವುದು ಬಟ್ಟೆ ಮಾತ್ರ.

1885ರಲ್ಲಿ ಬ್ರಿಟಿಷರು ಆಗಿನ ರಾಜಧಾನಿ ಮಂಡಲೆಯನ್ನು ಹಿಡಿದರು. ಕೊನೆಯ ರಾಜ ತೀಬಾವನ್ನು ನಮ್ಮ ಪಶ್ಚಿಮ ಕರಾವಳಿಯ ರತ್ನಾಗಿರಿಗೆ ಗಡಿಪಾರು ಮಾಡಿದರು, ಅವನು 1916ರಲ್ಲಿ ಅಲ್ಲೇ ತೀರಿಕೊಂಡ. ಅರಮನೆ ಹೋದ ಮೇಲೆ ಅದರ ಕಲಾವಿದರಿಗೆ ಅನ್ನ ಕೊಡುವವರು ಇಲ್ಲವಾದರು. ಅವರು ಜನರ ಕಡೆ ತಿರುಗಿದರು. ಟಿಕೆಟ್ ಇಟ್ಟು ಆಡುವ ಝಾತ್ ತಂಡಗಳು ಬೆಳೆದದ್ದು ಹೀಗೆ. ಪೋ ಸೇನ್ ಎಂಬ ನಟ 20ನೇ ಶತಮಾನದ ಆರಂಭದ ದೊಡ್ಡ ತಾರೆ. ನಟರೆಂದರೆ ಕೀಳು ಎನ್ನುತ್ತಿದ್ದ ಕಾಲದಲ್ಲಿ ಅವರಿಗೆ ಗೌರವ ತಂದುಕೊಟ್ಟವನು. ಎತ್ತರದ ರಂಗ ಗೊಂಬೆಗಳಿಗೆ ಮಾತ್ರ ಎಂಬ ಹಳೆಯ ಕಟ್ಟಳೆ ಅಳಿದದ್ದೂ ಈ ಕಾಲದಲ್ಲೇ. ರಾಜನೇ ಇಲ್ಲದ ಮೇಲೆ ಅವನಿಗಿಂತ ಎತ್ತರದ ಮಾತೆಲ್ಲಿ? ಮನುಷ್ಯರು ಮೇಲೇರಿದರು, ಗೊಂಬೆಯಾಟ ಮೂಲೆಗೆ ಸರಿಯಿತು. ಮುಂದೆ ಮಂಡಲೆಯ ಶ್ವೇ ಮಾನ್ ಟಿನ್ ಮೌಂಗ್ ಅಂಥವರು ಈ ರಂಗವನ್ನು ಆಳಿದರು.

ಝಾತ್ ಪ್ವೆಯ ಮುಖ್ಯ ಭಾಗ ಹ್ನಪಾತ್ವಾ, ಅಂದರೆ ಮಿಂತಾ ಮಿಂತಮಿಯರ ಜೋಡಿ ನೃತ್ಯ. ಬರುವುದು ನಡುರಾತ್ರಿ ಕಳೆದ ಮೇಲೆ. ಅಲ್ಲಿಯವರೆಗೆ ಸಿನಿಮಾ ಹಾಡು, ಹಾಸ್ಯ, ನಾಟಕ ಎಲ್ಲ ನಡೆಯುತ್ತದೆ. ಚಾಪೆ ಹಾಸಿಕೊಂಡು ಕುಟುಂಬ ಸಮೇತ ಬಂದವರು ಒಂದು ನಿದ್ದೆ ಮುಗಿಸಿ ಇದಕ್ಕೆ ಏಳುತ್ತಾರೆ.

ಅನ್ಯೇಂಟ್ ಇದರ ಚಿಕ್ಕ ರೂಪ. ಒಬ್ಬ ನರ್ತಕಿ, ಕೆಲವು ವಿದೂಷಕರು. ಅವಳು ಕುಣಿದು ದಣಿದಾಗ ಅವರು ಮಾತಿಗೆ ನಿಲ್ಲುತ್ತಾರೆ, ಮಾತು ಸರ್ಕಾರದ ಕಡೆಗೆ ಹೊರಳುತ್ತದೆ. ಮಂಡಲೆಯ ‘ಮೀಸೆ ಸಹೋದರರು’ ಎಂದು ಹೆಸರಾದ ತಂಡದ ಪಾ ಪಾ ಲೇ ಮತ್ತು ಲೂ ಝೋ 1996ರ ಜನವರಿಯಲ್ಲಿ ಆಂಗ್ ಸಾನ್ ಸೂಕಿ ಅವರ ಮನೆಯಲ್ಲಿ ಜೋಕು ಹೇಳಿದರು. ಏಳು ವರ್ಷ ಶಿಕ್ಷೆಯಾಯಿತು. 2001ರಲ್ಲಿ ಬಿಡುಗಡೆ. ಆಮೇಲೆ ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿ ಇಲ್ಲ ಎಂದಾಗ ಮನೆಯ ಮುಂದಿನ ಕೋಣೆಯಲ್ಲೇ ವಿದೇಶಿ ಪ್ರವಾಸಿಗರಿಗೆ ಆಡಿ ತೋರಿಸಿದರು. ಒಂದು ಕಾಲದಲ್ಲಿ ಗೊಂಬೆಗಳಿಗೆ ಇದ್ದ ಸಲಿಗೆ ಈ ಮನುಷ್ಯರಿಗೆ ಸಿಗಲಿಲ್ಲ.

ಇದೆಲ್ಲವನ್ನೂ ಪಾಠವಾಗಿ ಮಾಡಿದವರು ಓಬಾ ತೌಂಗ್ ಎಂಬ ಕಲಾವಿದೆ. ಅಲ್ಲಿಯವರೆಗೆ ಗುರುವಿನಿಂದ ಶಿಷ್ಯರಿಗೆ ಕಣ್ಣಲ್ಲೇ ಕಲಿಸುತ್ತಿದ್ದ ನೃತ್ಯವನ್ನು ಅವರು ಕ್ರಮಕ್ಕೆ ತಂದರು. ಒಟ್ಟು 125 ಹಂತ, ಐದು ವರ್ಷದ ಐದು ಪಾಠ, ಪ್ರತಿ ಹಂತ ಹತ್ತು ನಿಮಿಷ. ಸ್ವಾತಂತ್ರ್ಯದ ನಂತರ 1950ರ ದಶಕದ ಆರಂಭದಲ್ಲಿ ಶುರುವಾದ ಸರ್ಕಾರಿ ಶಾಲೆಗಳು ಇದನ್ನು ಕಲಿಸಿದವು. 1993ರಿಂದ ಹಾಡು, ನೃತ್ಯ, ರಚನೆ, ವಾದನದ ರಾಷ್ಟ್ರಮಟ್ಟದ ಸ್ಪರ್ಧೆಗಳೂ ಬಂದವು. ಇದರಿಂದ ಕಲೆ ಉಳಿಯಿತು, ಅದರಲ್ಲಿ ಸಂಶಯವಿಲ್ಲ. ಆದರೆ ಎಲ್ಲರೂ ಒಂದೇ ತರಹ ಕುಣಿಯುವುದೂ ಶುರುವಾಯಿತು. ಊರಿಗೊಂದು, ತಂಡಕ್ಕೊಂದು ಇದ್ದ ಹೆಜ್ಜೆ ಕಡಿಮೆಯಾಯಿತು. ಭರತನಾಟ್ಯದ ಪರೀಕ್ಷೆಗಳನ್ನು ಬಲ್ಲವರಿಗೆ ಈ ಚರ್ಚೆ ಹಳೆಯದೇ.

ಈಗ ವಿಡಿಯೊ ಹುಡುಕುವವರಿಗೆ ಒಂದು ಸಲಹೆ. ಹೋಟೆಲಿನ ಊಟದ ಜೊತೆ ತೋರಿಸುವ ಹತ್ತು ನಿಮಿಷದ ಶೋಗಳನ್ನು ಬಿಟ್ಟುಬಿಡಿ. ಮೊದಲು ಯಾವುದಾದರೂ ಯೋಕ್ ತೇ ಪ್ರದರ್ಶನದಲ್ಲಿ ಝೋಜಿ ಗೊಂಬೆಯ ಕುಣಿತ ನೋಡಿ. ಅದಾದ ಕೂಡಲೇ ಮನುಷ್ಯರು ಮಾಡುವ ಝೋಜಿ ನೃತ್ಯ ನೋಡಿ. ಆಮೇಲೆ ತೌಂಗ್‌ಬ್ಯೋನ್ ಹಬ್ಬದ ವಿಡಿಯೊ. ಹ್ನಪಾತ್ವಾ ಕೊನೆಗಿರಲಿ, ಅದು ಒಂದು ಗಂಟೆಗೂ ಮೀರಿ ಎಳೆಯಬಹುದು, ರಾತ್ರಿ ಕೂತು ನೋಡುವುದೇ ಸರಿ.